ಬಾವು ಬರಲಿ, ದುಡಿಯಲಿ, ಹೋಗಲಿ

ತಮ್ಮಾ, ಕಬಡ್ಡಿಯಲ್ಲಿ ಕಾಲು ಹೊರಳಿ ಪಾದದ ಕೀಲು ಚಪ್ಪಲಿಗೆ ಹಿಡಿಸದಷ್ಟು ಊದಿದೆ, ಭಾನುವಾರ ಕುರುಗೋಡಿನಲ್ಲಿ ಮ್ಯಾಚಿದೆ, ಅಷ್ಟರೊಳಗೆ ಬಾವು ಇಳಿಸೋ ಇಂಜೆಕ್ಷನ್ ಯಾವುದು ಹೇಳಜ್ಜಿ ಎಂದು ಕೇಳಿದೆಯಲ್ಲ, ಹೇಳುವುದಿಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆಯುತ್ತಲೇ ಕೂದಲು ಹಣ್ಣು ಮಾಡಿಕೊಂಡವಳು ನಾನು. ಸಿರುಗುಪ್ಪದ ಗದ್ದೆಯಲ್ಲಿ ಕುಡುಗೋಲು ತಾಗಿಸಿಕೊಂಡವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವಾಗ ಮಷಿನ್ ಸೂಜಿ ಬೆರಳಿಗೆ ಇಳಿಸಿಕೊಂಡವರು, ಕಲ್ಲು ಬಿದ್ದು ಕಾಲು ಜಜ್ಜಿಸಿಕೊಂಡವರು, ಎಲ್ಲರೂ ಕೇಳುತ್ತಿದ್ದುದು ನಿನ್ನದೇ ಪ್ರಶ್ನೆ: ಬಾವು ಯಾವಾಗ ಇಳಿಯುತ್ತದೆ? ಅದು ಯಾಕೆ ಬಂತು ಎಂದು ಕೇಳಿದವರು ಕಡಿಮೆ. ಬಂದ ಕಾರಣ ಗೊತ್ತಾದರೆ ಇಳಿಸುವ ಆತುರ ಅರ್ಧ ಕಡಿಮೆಯಾಗುತ್ತದೆ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನಿಧಾನವಾಗಿ ಓದು.

ಪೆಟ್ಟು ಬಿದ್ದ ಜಾಗವನ್ನು ಸರಿಮಾಡಲು ಮೈ ಹೂಡುವ ಕೆಲಸಕ್ಕೇ ನಾವು ಬಾವು ಎನ್ನುವುದು. ಡಾಕ್ಟರು ಉರಿಯೂತ ಎನ್ನುತ್ತಾರೆ. ಆ ಕೆಲಸಕ್ಕೆ ಒಂದು ಮೊದಲಿದೆ, ನಡುವಿದೆ, ಕೊನೆಯಿದೆ. ಮೊದಲನ್ನು ತಡೆದರೂ ಕಷ್ಟ, ಕೊನೆ ಮುಟ್ಟದಿದ್ದರೂ ಕಷ್ಟ. ನನ್ನ ಕಿವಿಮಾತು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಕುಡುಗೋಲು ತಾಗಿದ ಬೆರಳನ್ನು ನೋಡಿದ್ದೀಯಾ? ಒಂದು ಕ್ಷಣ ಗಾಯದ ಅಂಚು ಬೆಳ್ಳಗಿರುತ್ತದೆ, ಆಮೇಲೆ ರಕ್ತ ಚಿಮ್ಮುತ್ತದೆ. ಆ ಕ್ಷಣದಲ್ಲಿ ಕತ್ತರಿಸಿದ ರಕ್ತನಾಳ ತನ್ನನ್ನು ತಾನೇ ಬಿಗಿಹಿಡಿದಿರುತ್ತದೆ. ಪ್ಲೇಟ್ಲೆಟ್‌ಗಳು ಬಂದು ಬಾಯಿ ಮುಚ್ಚುತ್ತವೆ, ಅವುಗಳ ಮೇಲೆ ಫೈಬ್ರಿನ್ ಎಂಬ ಎಳೆ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ನಿಮಿಷ ಕಳೆದ ಮೇಲೆ ಆಟ ತಿರುಗಿಬೀಳುತ್ತದೆ. ಚರ್ಮದಡಿ ಇರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಸುತ್ತಲಿನ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಹೆಚ್ಚು ರಕ್ತ ಬಂದದ್ದರಿಂದ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ. ನಾಳದ ಗೋಡೆಯ ಸಂದುಗಳು ಸಡಿಲಗೊಂಡು ರಕ್ತದ ತಿಳಿನೀರು ಹೊರಗೆ ಒಸರುತ್ತದೆ, ಅದೇ ಊತ. ಬ್ರಾಡಿಕೈನಿನ್, ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ನರದ ತುದಿಗಳನ್ನು ಚುರುಕು ಮಾಡುತ್ತವೆ, ಅದೇ ನೋವು. ನಿನ್ನ ಕಾಲಿನಲ್ಲಿ ಚರ್ಮ ಹರಿದಿಲ್ಲ, ರೋಗಾಣು ಒಳಗೆ ಹೋಗಿಲ್ಲ. ಆದರೂ ಹರಿದ ನಾರಿನ, ಒಡೆದ ಜೀವಕೋಶಗಳ ಒಳಗಿದ್ದದ್ದು ಹೊರಗೆ ಚೆಲ್ಲಿದ್ದೇ ಸಾಕು, ಮೈ ಇದೇ ಕೆಲಸ ಶುರು ಮಾಡುತ್ತದೆ.

ಆ ಒಸರಿದ ನೀರಿನ ಜೊತೆಗೇ ಬಿಳಿರಕ್ತಕಣಗಳು ಬರುತ್ತವೆ. ಮೊದಲು ಬರುವವು ನ್ಯೂಟ್ರೋಫಿಲ್. ನಿನ್ನ ಎಲುಬಿನ ಮಜ್ಜೆ ದಿನವೊಂದಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ ಎಂದರೆ ಮೈ ಇದನ್ನು ಎಷ್ಟು ದೊಡ್ಡ ಕೆಲಸವೆಂದು ಎಣಿಸಿದೆ ಲೆಕ್ಕಹಾಕು. ಅವು ನಾಳದ ಗೋಡೆಗೆ ಅಂಟಿ, ಸಂದಿನಲ್ಲಿ ಮೈ ಹಿಂಡಿಕೊಂಡು ಹೊರಬಂದು, ಸಿಕ್ಕ ರೋಗಾಣುಗಳನ್ನು ನುಂಗಿ, ಅಲ್ಲೇ ಸಾಯುತ್ತವೆ. ಸತ್ತ ಆ ಕಣಗಳು, ರೋಗಾಣು, ಕರಗಿದ ಮಾಂಸ ಸೇರಿದ್ದೇ ಕೀವು. ಒಂದೆರಡು ದಿನ ಅವುಗಳ ಕಾಲ. ಆಮೇಲೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಬರುತ್ತವೆ. ಸತ್ತದ್ದನ್ನೆಲ್ಲ ತಿಂದು ಜಾಗ ಚೊಕ್ಕಟ ಮಾಡುವವು ಇವೇ, ಇನ್ನು ಕಟ್ಟುವ ಕೆಲಸ ಶುರುವಾಗಲಿ ಎಂದು ಸೂಚನೆ ಕೊಡುವವೂ ಇವೇ. ಆ ಸೂಚನೆ ಸಿಕ್ಕ ಮೇಲೆ ಹೊಸ ರಕ್ತನಾಳ ಚಿಗುರುತ್ತದೆ, ಕೊಲಾಜನ್ ನಾರು ಬೀಳುತ್ತದೆ, ಗಾಯದ ತಳದಲ್ಲಿ ಕೆಂಪಗೆ ಹರಳುಹರಳಾದ ಹೊಸ ಮಾಂಸ ಕಾಣುತ್ತದೆ. ಮೂರನೆಯ ದಿನ ಊತ ಇದ್ದರೆ ಗಾಬರಿಯಾಗಬೇಡ. ಕಸ ತೆಗೆಯುವವರು ಇನ್ನೂ ಒಳಗಿದ್ದಾರೆ ಎಂದು ಅರ್ಥ.

ಕೆಂಪು, ಊತ, ಬಿಸಿ, ನೋವು, ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬಾತ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ಒಟ್ಟಿಗೆ ಬರೆದಿಟ್ಟ. ಆ ಭಾಗ ಕೆಲಸ ಮಾಡದಿರುವುದು ಎಂಬ ಐದನೆಯ ಲಕ್ಷಣ ಆಮೇಲೆ ಸೇರಿತು. ಆದರೆ ನಮ್ಮ ಮೈಬಣ್ಣದಲ್ಲಿ ಮೊದಲನೆಯ ಲಕ್ಷಣ ಮೋಸ ಮಾಡುತ್ತದೆ. ಬಿಸಿಲಲ್ಲಿ ದುಡಿದ ಕಪ್ಪು ಚರ್ಮದ ಮೇಲೆ ಕೆಂಪು ಕಾಣುವುದಿಲ್ಲ, ಕಂಡರೆ ಮಾಸಲು ನೇರಳೆಯೋ ಇನ್ನಷ್ಟು ಕಪ್ಪೋ ಆಗಿ ಕಾಣುತ್ತದೆ. ಅದಕ್ಕೆ ನಾವು ಕಣ್ಣಿಗಿಂತ ಕೈಯನ್ನು ನಂಬುತ್ತಿದ್ದೆವು. ಅಂಗೈ ಬೇಡ, ಅದು ಕೆಲಸ ಮಾಡಿ ದಪ್ಪಗಾಗಿರುತ್ತದೆ. ಬೆರಳಿನ ಹಿಂಬದಿಯನ್ನು ಊದಿದ ಕಾಲಿನ ಮೇಲೆ ಇಡು, ತೆಗೆದು ಇನ್ನೊಂದು ಕಾಲಿನ ಅದೇ ಜಾಗದ ಮೇಲೆ ಇಡು. ಬಿಸಿಯ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ದಿನಕ್ಕೆರಡು ಸಲ ಹೀಗೆ ನೋಡಿದರೆ ಬಾವು ಏರುತ್ತಿದೆಯೋ ಇಳಿಯುತ್ತಿದೆಯೋ ನಿನಗೇ ಗೊತ್ತಾಗುತ್ತದೆ.

ಕಣಗಳು ಬಂದು ನುಂಗುತ್ತವೆ ಎಂಬುದು ಮನುಷ್ಯರಿಗೆ ತಿಳಿದದ್ದು ಒಂದು ಮುಳ್ಳಿನಿಂದ. 1882ರಲ್ಲಿ ಇಟಲಿಯ ಮೆಸ್ಸಿನಾ ಊರಿನಲ್ಲಿ ಮೆಚ್ನಿಕಾಫ್ ಎಂಬ ರಷ್ಯಾದ ಜೀವಶಾಸ್ತ್ರಜ್ಞ ಇದ್ದ. ನಕ್ಷತ್ರಮೀನಿನ ಮರಿ ಗಾಜಿನಷ್ಟು ಪಾರದರ್ಶಕ, ಒಳಗೆ ನಡೆಯುವುದೆಲ್ಲ ಕಾಣುತ್ತದೆ. ಮನೆಯ ತೋಟದಿಂದ ಗುಲಾಬಿ ಮುಳ್ಳು ಕಿತ್ತು ತಂದು ಆ ಮರಿಗಳಿಗೆ ಚುಚ್ಚಿಟ್ಟ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲೆದಾಡುವ ಜೀವಕೋಶಗಳು ಬಂದು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಮೈ ಸುಮ್ಮನೆ ನರಳುವುದಿಲ್ಲ, ತಾನೇ ಎದ್ದು ಹೋಗಿ ನುಂಗುತ್ತದೆ ಎಂದು ಆತ ವಾದಿಸಿದ. ಬಹಳ ಜನ ಒಪ್ಪಲಿಲ್ಲ. ಕೊನೆಗೆ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಆತನಿಗೆ ನೊಬೆಲ್ ಬಂತು.

ನಮ್ಮಲ್ಲಿ ಆ ಪ್ರಯೋಗ ದಿನಾ ನಡೆಯುತ್ತದೆ. ಹಳ್ಳದ ದಂಡೆ, ಕಾಲುವೆ ಏರಿ, ಪಾಳುಬಿದ್ದ ಹೊಲ, ಎಲ್ಲಿ ನೋಡಿದರೂ ಜಾಲಿ. ಎಲ್ಲಿಂದಲೋ ಬಂದ ಆ ಗಿಡಕ್ಕೆ ಕರ್ನಾಟಕದ ಎಷ್ಟೋ ಕಡೆ ಬಳ್ಳಾರಿ ಜಾಲಿ ಎಂದೇ ಹೆಸರು. ಅದರ ಮುಳ್ಳು ಚಪ್ಪಲಿ ತೂರಿ ಕಾಲಿಗೆ ಹೋಗುತ್ತದೆ, ಎಳೆದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ಉಳಿದ ಚೂರನ್ನು ಮ್ಯಾಕ್ರೋಫೇಜ್‌ಗಳು ಕರಗಿಸಲಾರವು. ಬಿಟ್ಟು ಹೋಗಲೂ ಒಲ್ಲವು, ಸುತ್ತ ಗೂಡು ಕಟ್ಟಿಕೊಂಡು ಕೂರುತ್ತವೆ. ಹೊರಗಿನ ತೂತು ಮಾಯುತ್ತದೆ, ಒಳಗೆ ಗಂಟು ಉಳಿಯುತ್ತದೆ. ಬೆರಳಿನ ಗಿಣ್ಣಿಗೋ ಮೊಣಕಾಲಿಗೋ ಹೀಗಾದರೆ ಕೀಲು ತಿಂಗಳುಗಟ್ಟಲೆ ಊದಿಕೊಂಡಿರುತ್ತದೆ, ವಾತ ಎಂದುಕೊಂಡು ಗುಳಿಗೆ ನುಂಗುತ್ತಾರೆ. ಎಕ್ಸ್‌ರೇಯಲ್ಲಿ ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಸಂಭವ ಹೆಚ್ಚು. ಯಾವ ಕೀಲು ಕಾರಣವಿಲ್ಲದೆ ಊದಿದರೂ ಹಿಂದೆ ಮುಳ್ಳು ಚುಚ್ಚಿತ್ತೇ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳು. ಅವರು ಕೇಳಲಿ ಎಂದು ಕಾಯಬೇಡ.

ಇನ್ನು ನೋವಿನ ವಿಚಾರ. ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸಲು ಹೋದ ಹೆಣ್ಣುಮಕ್ಕಳ ಕೈ ನೋಡು. ಎಲ್ಲೂ ಗಾಯವಿಲ್ಲ, ಆದರೂ ರಾತ್ರಿಯೆಲ್ಲ ಉರಿ, ಮುಟ್ಟಿದರೆ ಬಿಸಿ. ಮೆಣಸಿನ ಖಾರದಲ್ಲಿರುವ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೂ ತೆರೆಯುವುದು ಅದೇ ಬಾಗಿಲು. ಅದಕ್ಕೇ ಖಾರವೂ ಮೈಗೆ ಬೆಂಕಿಯೇ. ಇದನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಹಾಗೆ ಕೆರಳಿದ ನರ ಸುಮ್ಮನಿರದೆ ತಾನೂ ಕೆಲವು ರಾಸಾಯನಿಕ ಬಿಟ್ಟು ರಕ್ತನಾಳ ಅಗಲಿಸುತ್ತದೆ, ಗಾಯವೇ ಇಲ್ಲದೆ ಬಾವು ತರಿಸುತ್ತದೆ. ಪೆಟ್ಟಾದ ಜಾಗದಲ್ಲಿ ಆ ಬಾಗಿಲು ಇನ್ನೂ ಕಡಿಮೆ ಬಿಸಿಗೇ ತೆರೆದುಕೊಳ್ಳುತ್ತದೆ, ಮೈಯ ಸಹಜ ಕಾವೂ ಸುಡತೊಡಗುತ್ತದೆ. ಈ ಕಾಲಿನ ಮೇಲೆ ಭಾರ ಹಾಕಬೇಡ ಎಂದು ನಿನ್ನನ್ನು ತಡೆಯುತ್ತಿರುವುದು ಆ ನೋವೇ.

ಈಗ ನೀನು ಕೇಳಿದ ಇಂಜೆಕ್ಷನ್ನಿಗೆ, ಬಾವು ಇಳಿಸುವ ಗುಳಿಗೆಗೆ ಬರೋಣ. ಆಸ್ಪಿರಿನ್ 1899ರಿಂದ ಮಾರಾಟದಲ್ಲಿತ್ತು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ಅದು ನಿಲ್ಲಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲ ಅದೇ ಜಾತಿಯವು. ಪ್ರೋಸ್ಟಾಗ್ಲಾಂಡಿನ್ ನೋವಿಗೆ ಮಾತ್ರ ಇರುವುದಲ್ಲ. ಹೊಟ್ಟೆಯ ಒಳಪದರ ಕಾಯಲು, ಮೂತ್ರಪಿಂಡಕ್ಕೆ ರಕ್ತ ಹರಿಯಲು ಕೂಡ ಅದು ಬೇಕು. ನಮ್ಮ ಬೇಸಿಗೆ ನಿನಗೆ ಗೊತ್ತು. ಬೆವರು ಸುರಿಸಿ ನೀರು ಕುಡಿಯದೆ, ಬರಿಹೊಟ್ಟೆಯಲ್ಲಿ ಈ ಗುಳಿಗೆ ನುಂಗಿ ಗದ್ದೆಗೋ ಆಟಕ್ಕೋ ಇಳಿದರೆ ಕಾಲು ಉಳಿಸಲು ಹೋಗಿ ಕಿಡ್ನಿಗೆ ಪೆಟ್ಟು. ನಿದ್ದೆ ಕೆಡುವಷ್ಟು ನೋವಿದ್ದರೆ ಊಟವಾದ ಮೇಲೆ ಪ್ಯಾರಾಸಿಟಮಾಲ್ ತಗೋ, ಅದರ ಮೇಲಿನದು ಡಾಕ್ಟರು ಬರೆದುಕೊಟ್ಟರೆ ಮಾತ್ರ. ಚೀಟಿಯಿಲ್ಲದೆ ಪೊಟ್ಟಣ ಕಟ್ಟಿಕೊಡುವ ಬಣ್ಣಬಣ್ಣದ ಗುಳಿಗೆಗಳನ್ನಂತೂ ಮುಟ್ಟಬೇಡ. ಅವುಗಳಲ್ಲಿ ಸ್ಟೆರಾಯ್ಡ್ ಇದ್ದರೆ ಮೈ ಹಗುರಾದ ಹಾಗೆ ಅನಿಸುತ್ತದೆ, ಬಾವು ಮಾಯವಾಗುತ್ತದೆ, ಒಳಗೆ ರೋಗಾಣು ಬೆಳೆಯುತ್ತಿದ್ದರೂ ಗೊತ್ತಾಗುವುದಿಲ್ಲ. ನೋವು ಸಾಯಿಸಿ ಆಡಿದವನು ಅದೇ ನಾರನ್ನು ಎರಡನೆಯ ಸಲ ಹರಿದುಕೊಳ್ಳುತ್ತಾನೆ.

ಮಂಜುಗಡ್ಡೆ ಇಡಲೇ ಎಂದರೆ, ಮೊದಲ ದಿನ ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡು, ಸಾಕು. ಉಳುಕಿಗೆ ಪೂರ್ತಿ ವಿಶ್ರಾಂತಿ, ಮಂಜು, ಕಟ್ಟು, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್, ಮಂಜೂ ಪೂರ್ತಿ ವಿಶ್ರಾಂತಿಯೂ ಮಾಯುವುದನ್ನು ನಿಧಾನ ಮಾಡಬಹುದು ಎಂದು ಆಮೇಲೆ ತಾನೇ ಬರೆದ. ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಡುವ ಮಾತು ಮಾತ್ರ ಗಟ್ಟಿ. ಒಸರಿದ ನೀರು ವಾಪಸು ಹರಿಯಲು ಅದು ಸಹಾಯ. ಒಂದೆರಡು ದಿನ ಕಳೆದ ಮೇಲೆ ನೋವು ತಡೆಯುವಷ್ಟು ಪಾದ ಮೇಲೆ ಕೆಳಗೆ ಆಡಿಸು. ಮೊದಲ ಎರಡು ದಿನ ಬಿಸಿನೀರಿನ ಕಾವು ಬೇಡ, ತಿಕ್ಕಿ ನೀವುವುದೂ ಬೇಡ. ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲಾಗದಿದ್ದರೆ, ಕೀಲಿನ ಪಕ್ಕದ ಉಬ್ಬಿದ ಎಲುಬನ್ನು ಒತ್ತಿದರೆ ಜೀವ ಹೋದಂತಾದರೆ, ಎಕ್ಸ್‌ರೇ ತೆಗೆಸು. ಸಿರುಗುಪ್ಪದ ತಾಲೂಕು ಆಸ್ಪತ್ರೆಗೆ ಹೋಗು, ಮುರಿದಿದ್ದರೆ ಅವರೇ ಬಳ್ಳಾರಿಗೆ, ನಾವು ಇಂದಿಗೂ ವಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ.

ಕಟ್ಟು ಕಟ್ಟಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಬಿಗಿ ಕಟ್ಟಿದ ಮೇಲೂ ಒಳಗೆ ಬಾವು ಏರುತ್ತಲೇ ಇರುತ್ತದೆ, ಹೊರಗೆ ಉಬ್ಬಲು ಜಾಗವಿಲ್ಲದೆ ಒಳಗಿನ ರಕ್ತನಾಳವನ್ನೇ ಹಿಸುಕುತ್ತದೆ. ಕಟ್ಟಿನ ಆಚೆ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಬೆರಳನ್ನು ಬೇರೆಯವರು ಎಳೆದಾಗ ತಡೆಯಲಾರದ ನೋವಾದರೆ ರಾತ್ರಿ ಎಷ್ಟೇ ಆಗಿರಲಿ ಕಟ್ಟು ಬಿಚ್ಚಿಸು. ಬೆಳಗಾಗಲಿ ಎಂದು ಕಾದರೆ ಕೈಯೋ ಕಾಲೋ ಉಳಿಯದೆ ಹೋಗಬಹುದು.

ನಮ್ಮ ಹಳಬರಿಗೆ ಈ ಹದ ಗೊತ್ತಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂದು ಮೂರು ಅವಸ್ಥೆ ಹೇಳಿ, ಹಣ್ಣಾಗದ್ದನ್ನು ಕೊಯ್ಯುವ ವೈದ್ಯನನ್ನೂ ಹಣ್ಣಾದದ್ದನ್ನು ಕೊಯ್ಯದೆ ಬಿಡುವ ವೈದ್ಯನನ್ನೂ ಒಂದೇ ತಕ್ಕಡಿಗೆ ಹಾಕಿ ಬೈಯುತ್ತದೆ. ಕುರು ಎದ್ದಾಗ ಇದೇ ನೆನಪಿರಲಿ. ಗಟ್ಟಿಯಿರುವಾಗ ಹಿಂಡಿದರೆ ಒಳಗಿನ ಕೀವು ಅಕ್ಕಪಕ್ಕದ ಮಾಂಸಕ್ಕೆ ನುಗ್ಗುತ್ತದೆ. ಮೂಗು, ಮೇಲ್ದುಟಿಯ ಸುತ್ತಲಿನ ಕುರುವನ್ನಂತೂ ಹಿಂಡಲೇಬೇಡ, ಅಲ್ಲಿಯ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಸಂಪರ್ಕವಿದೆ. ಮೆತ್ತಗಾಗಿ ಬಾಯಿ ಮಾಡಿದ ಮೇಲೆ ಆಸ್ಪತ್ರೆಯಲ್ಲಿ ಕೊಯ್ಸಿ ಕೀವು ತೆಗೆಸು. ಕೀವು ತುಂಬಿದ ಗಂಟು ಬರೀ ಗುಳಿಗೆಯಿಂದ ಬತ್ತುವುದು ಅಪರೂಪ.

ಬಾವು ದಾರಿ ತಪ್ಪುತ್ತಿದೆ ಎಂದು ತಿಳಿಯಲು ನಮಗೆ ಒಂದು ಬಾಲ್‌ಪೆನ್ನು ಸಾಕಿತ್ತು. ಬಿಸಿ, ಊತ, ಬಣ್ಣ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಚರ್ಮದ ಮೇಲೆ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯುತ್ತಿದ್ದೆವು. ಕೆಲವು ಗಂಟೆ ಬಿಟ್ಟು ನೋಡಿದಾಗ ಬಾವು ಗೆರೆ ದಾಟಿದ್ದರೆ ಡಾಕ್ಟರನ್ನು ಕರೆಯುತ್ತಿದ್ದೆವು. ನೀನೂ ಹಾಗೇ ಮಾಡು. ಗೆರೆ ದಾಟುವುದು, ಮೂರು ದಿನವಾದ ಮೇಲೂ ನೋವು ಏರುತ್ತಲೇ ಹೋಗುವುದು, ಚಳಿಜ್ವರ, ಗಾಯದಿಂದ ತೊಡೆಸಂದಿನ ಕಡೆಗೆ ಎದ್ದು ಕಾಣುವ ಪಟ್ಟೆ, ಗಾಯ ನಾರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಕೂರಬೇಡ. ಗಾಯದಿಂದ ಬರುವ ತಿಳಿಹಳದಿ ನೀರು ಕಂಡು ಮಾತ್ರ ಕೀವು ಎಂದು ಹೆದರಬೇಡ, ಅದು ಆಗಲೇ ಹೇಳಿದ ಒಸರಿದ ನೀರು. ಚರ್ಮ ಹರಿದ ಸಣ್ಣ ಗಾಯಕ್ಕೆ ನಲ್ಲಿನೀರು, ಸೋಪು, ಶುಭ್ರವಾದ ಬಟ್ಟೆ ಸಾಕು. ಕಾಫಿಪುಡಿ, ಬೀಡಿ ಬೂದಿ, ಸಗಣಿ, ಸುಣ್ಣ ಯಾವುದನ್ನೂ ತುಂಬಬೇಡ. ಧನುರ್ವಾಯು ರೋಗಾಣು ಇರುವುದೇ ಮಣ್ಣು ಸಗಣಿಯಲ್ಲಿ. ಅದನ್ನು ತಡೆಯಲು 10ನೇ ಮತ್ತು 16ನೇ ವಯಸ್ಸಿಗೆ ಕೊಡುವ ಟಿಡಿ ಚುಚ್ಚುಮದ್ದು ಹಾಕಿಸಿಕೊಂಡಿದ್ದೀಯೋ ಇಲ್ಲವೋ, ನಿನ್ನ ಅವ್ವನ ಹತ್ತಿರ ಕೇಳು.

ಬಂದ ಬಾವು ಹೋಗದೆ ಉಳಿದರೆ ಏನಾಗುತ್ತದೆ? ತುಂಗಭದ್ರೆಯ ಕಾಲುವೆ ನೀರು ಸಿರುಗುಪ್ಪದ ಹೊಲವನ್ನು ಭತ್ತದ ಕಣಜ ಮಾಡಿತು. ಬಸಿದು ಹೋಗಲು ದಾರಿಯಿಲ್ಲದೆ ಅದೇ ನೀರು ನಿಂತ ಕಡೆ ನೆಲ ಚೌಳಾಯಿತು. ಬಾವು ಕೂಡ ಹಾಗೆಯೇ. ಅದು ತಾನಾಗಿ ಆರಿಹೋಗುತ್ತದೆ ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. ಆರಿಸುವುದಕ್ಕೆಂದೇ ಮೈ ಬೇರೆ ರಾಸಾಯನಿಕ ತಯಾರಿಸುತ್ತದೆ ಎಂದು 2000ದ ಆಸುಪಾಸಿನಲ್ಲಿ ಚಾರ್ಲ್ಸ್ ಸೆರ್ಹಾನ್ ತಂಡ ತೋರಿಸಿತು, ಅವಕ್ಕೆ ರಿಸಾಲ್ವಿನ್ ಎಂದು ಹೆಸರಿಟ್ಟಿತು. ಆ ಕೆಲಸಕ್ಕೆ ಅಡ್ಡಗಾಲು ಹಾಕುವವರು ನಾವೇ. ಬೀಡಿ ಸಿಗರೇಟು ಸೇದಿದರೆ ನಿಕೋಟಿನ್ ರಕ್ತನಾಳವನ್ನು ಹಿಂಡುತ್ತದೆ, ಗಾಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಗುಟ್ಕಾ ಜಗಿದರೆ ಬಾಯಿಯೊಳಗೆ ಬಾವು ಎಂದಿಗೂ ಮುಗಿಯುವುದಿಲ್ಲ, ಅದು ಕ್ಯಾನ್ಸರಿನ ದಾರಿ. ಸಕ್ಕರೆ ಕಾಯಿಲೆಯವರಲ್ಲಿ ಬಿಳಿಕಣಗಳು ಮಂಕಾಗಿರುತ್ತವೆ, ಪಾದದ ನರ ಸತ್ತು ನೋವೂ ತಿಳಿಯದೆ ಹೋಗಬಹುದು. ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಅವನು ನೋವಿಲ್ಲ ಎಂದರೆ ನಂಬಬೇಡ, ದಿನಾ ರಾತ್ರಿ ಅವನ ಅಂಗಾಲು ತಿರುಗಿಸಿ ನೀನೇ ನೋಡು.

ಕೊನೆಯದು, ಹೊಲಿಗೆ ಬಿಚ್ಚಿದ ಮೇಲಿನ ಮಾತು. ಬಾವು ಇಳಿಯಿತು, ಮೇಲೆ ಚರ್ಮ ಕೂಡಿತು ಎಂದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಮೊದಲ ವಾರದ ಕೊನೆಗೆ ಗಾಯದ ಜಾಗದ ಬಲ ಮೊದಲಿನ ಚರ್ಮದ ಶೇಕಡಾ 3ರಷ್ಟು ಮಾತ್ರ. ಮೂರು ವಾರಕ್ಕೆ ಶೇಕಡಾ 20ರಿಂದ 30. ಮೂರು ತಿಂಗಳಾದ ಮೇಲೆ ಶೇಕಡಾ 80ರ ಹತ್ತಿರ ಬಂದು ಅಲ್ಲೇ ನಿಲ್ಲುತ್ತದೆ, ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಕೀಲಿನ ನಾರಿಗೂ ವಾರಗಳೇ ಬೇಕು. ಹೊಲಿಗೆ ಬಿಚ್ಚಿದ ದಿನವೇ ಭತ್ತದ ಮೂಟೆಗೆ ಹೆಗಲು ಕೊಟ್ಟು ಗಾಯ ಮತ್ತೆ ಬಿರಿದು ಬಂದವರನ್ನು ನಾನು ಕಂಡಿದ್ದೇನೆ. ಕೂಲಿ ಹೋಗುತ್ತದೆ ಎಂಬ ಅವರ ಸಂಕಟವೂ ಸುಳ್ಳಲ್ಲ. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲು ಡಾಕ್ಟರನ್ನು ಎರಡು ಪ್ರಶ್ನೆ ಕೇಳು: ಎಷ್ಟು ದಿನ ಭಾರ ಎತ್ತಬಾರದು, ಯಾವ ಕೆಲಸ ಇವತ್ತೇ ಮಾಡಬಹುದು. ಉತ್ತರವನ್ನು ಚೀಟಿಯಲ್ಲಿ ಬರೆಸಿಕೋ, ಮೇಸ್ತ್ರಿಗೋ ಕೋಚಿಗೋ ತೋರಿಸಲು ನಾಚಬೇಡ.